ಆಗಲ್ಲ ಅನ್ನುವವನು

ಕೆಡವಲು ಬರುವವನಿಗಾಗಿ ಒಲೆ ಒರೆಸುತ್ತಿದ್ದೇನೆ ಎಂದು ಇದಲೀನಾ ತೋಸ್ತೆಗೆ ಹೊಳೆದದ್ದು ಅದೇ ಜಾಗವನ್ನು ತಿರುತಿರುಗಿ ಒರೆಸಿ ತೋಳು ನೋಯತೊಡಗಿದ ಮೇಲೆ. ಬಟ್ಟೆಯನ್ನು ಸಿಂಕಿಗೆ ಎಸೆದಳು; ಮರುಕ್ಷಣವೇ ಅದನ್ನು ಹಿಂಡಿ ಮತ್ತೆ ಎತ್ತಿಕೊಂಡಳು. ಕಂಟ್ರಾಕ್ಟರ್ ಹನ್ನೊಂದಕ್ಕೆ ಬರುತ್ತೇನೆಂದಿದ್ದ. ಹೊರಗೆ ಮಂಜು. ಫೆಬ್ರವರಿಯಲ್ಲಿ ಹಿಲ್ಮಾರ್‌ನ ಮಂಜು ನೆಲದಿಂದಲೇ ಎದ್ದು, ಮೇವಿನ ಹೊಲಗಳನ್ನೂ ಬಾದಾಮಿ ತೋಟಗಳನ್ನೂ ದಾಟಿ ಬಂದು, ರಸ್ತೆಯ ನಡುವಿನ ಗೆರೆಯನ್ನು ನುಂಗಿಬಿಡುತ್ತದೆ. ಇಂಥ ದಿನ ಶಾಲೆಗಳು ಎರಡು ತಾಸು ತಡವಾಗಿ ತೆರೆಯುತ್ತವೆ. ಅವಳೂ ತನ್ನ ಹಳದಿ ಬಸ್ಸನ್ನು ತಡವಾಗಿ ಹೊರಡಿಸಿ, ಮಕ್ಕಳನ್ನು ಶಾಲೆಗೆ ಇಳಿಸಿ ಈಗಷ್ಟೇ ಮನೆಗೆ ಬಂದಿದ್ದಳು. ಮಧ್ಯಾಹ್ನದ ಟ್ರಿಪ್ಪಿಗೆ ಹೊರಡುವ ಮೊದಲು ಸಹಿ ಆಗಿಹೋಗಬೇಕು. ಆಗದಿದ್ದರೆ ಸಂಜೆಯೊಳಗೆ ಯಾರಾದರೂ ಬಂದು ತನ್ನ ಮನಸ್ಸು ತಿರುಗಿಸುತ್ತಾರೆ. ಯಾರೂ ಬರದಿದ್ದರೆ ತಾನೇ ತಿರುಗಿಸಿಕೊಳ್ಳುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಒರೆಸುತ್ತಿದ್ದದ್ದು ಗ್ಯಾರೇಜಿನ ಒಲೆ. ಮನೆಯೊಳಗೆ ಇನ್ನೊಂದು ಅಡುಗೆಮನೆ ಇತ್ತು: ಬಿಳಿ ಟೈಲು, ಕಪ್ಪು ಗ್ರಾನೈಟು, ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಪೊರೆಯನ್ನು ಇನ್ನೂ ಕೀಳದ ಒಲೆ. ಅದು ನೋಡುವುದಕ್ಕೆ. ಬೇಯಿಸುವುದು, ಕರಿಯುವುದು, ಒಣಮೀನಿನ ಉಪ್ಪು ಬಿಡಿಸುವುದು, ಉಣ್ಣುವುದು, ಅಳುವುದು ಎಲ್ಲ ಗ್ಯಾರೇಜಿನಲ್ಲಿ. ಅಟ್ಲಾಂಟಿಕ್ ನಡುವಿನ ದ್ವೀಪಗಳಿಂದ ಬಂದು ಈ ಕಣಿವೆಯಲ್ಲಿ ಹಸು ಕರೆದು ಬಾಳಿದವರ ಮನೆಗಳೆಲ್ಲ ಹೀಗೆಯೇ. ಕಾರು ಮಂಜಿನಲ್ಲಿ ನಿಲ್ಲುತ್ತದೆ, ಮನುಷ್ಯರು ಗ್ಯಾರೇಜಿನಲ್ಲಿ ಕೂರುತ್ತಾರೆ. ಇದಲೀನಾಳ ಗ್ಯಾರೇಜನ್ನು ಹನ್ನೊಂದು ವರ್ಷದ ಹಿಂದೆ ಅಡುಗೆಮನೆ ಮಾಡಿಕೊಟ್ಟವನು ಎವಾರಿಸ್ತು. ಯಾವ ಕಚೇರಿಯ ಪರ್ಮಿಟ್ಟೂ ಇಲ್ಲ, ಅವನಿಗೆ ಲೈಸೆನ್ಸೂ ಇಲ್ಲ. ಅದನ್ನೆಲ್ಲ ಕೇಳುವವರು ಯಾರು? ಎವಾರಿಸ್ತು ಅವಳ ಮಗಳ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನಿಂತವನು. ಅಂದಿನಿಂದ ಅವನು ಇವಳಿಗೆ ಕುಂಪಾದ್ರೆ, ಇವಳು ಅವನಿಗೆ ಕುಮಾದ್ರೆ. ದ್ವೀಪದ ಒಂದೇ ಓಣಿಯಲ್ಲಿ ಕಲ್ಲೆಸೆದಾಡಿ ಬೆಳೆದ ಇಬ್ಬರೂ ಅಂದಿನಿಂದ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ಮಾತಾಡುತ್ತಾರೆ. ಒಡಹುಟ್ಟಿದವರ ಜೊತೆ ಮುನಿಸಿಕೊಳ್ಳಬಹುದು. ಕುಂಪಾದ್ರೆಯ ಜೊತೆ ಮುನಿಸಿಕೊಂಡರೆ ಚರ್ಚಿನಲ್ಲಿ ಪಕ್ಕದ ಬೆಂಚಿನವರು ಸರಿದು ಕೂರುತ್ತಾರೆ.

ಮೂಲೆಯಲ್ಲಿ ಆಳೆತ್ತರದ ಗ್ಯಾಸ್ ಗೀಸರ್ ತಣ್ಣಗೆ ನಿಂತಿತ್ತು. ಅದರ ಕುತ್ತಿಗೆಗೆ ಹಚ್ಚಬಾರದೆಂದು ಗ್ಯಾಸ್ ಕಂಪನಿಯವಳು ಕಟ್ಟಿಹೋದ ಕೆಂಪು ಚೀಟಿ. ಅದರ ಪಕ್ಕದಲ್ಲಿ ತಾಯಿ ಕೂರುತ್ತಿದ್ದ ಜಾಗ. ಕಳೆದ ನವೆಂಬರಿನಲ್ಲಿ ತಾಯಿ ಗ್ಲೋರಿಂದಾ ಇವರ ಜೊತೆ ಇರಲು ಬಂದಾಗ ಬಿಳಿ ಅಡುಗೆಮನೆಯನ್ನು ಒಂದು ಸುತ್ತು ನೋಡಿ, "ಇಲ್ಲಿ ಯಾರ ಹೆಣ ಇಟ್ಟಿದ್ರಿ?" ಎಂದು ಕೇಳಿ ನೆಟ್ಟಗೆ ಗ್ಯಾರೇಜಿಗೆ ನಡೆದಿದ್ದಳು. ದಿನವಿಡೀ ಅಲ್ಲೇ. ಅವರೆಕಾಳು ಬಿಡಿಸುತ್ತ, ಜಪಮಾಲೆ ಎಣಿಸುತ್ತ, ಸೊಸೆಯಂದಿರನ್ನು ಬೈಯುತ್ತ. ಚಳಿ ಎಂದಳು, ಇದಲೀನಾಳ ಗಂಡ ಜೆರ್ಮಾನು ಗ್ಯಾರೇಜಿನ ದೊಡ್ಡ ಬಾಗಿಲನ್ನು ಇಳಿಸಿ, ಸಂದಿಗೆ ರಬ್ಬರ್ ಪಟ್ಟಿ ಬಡಿದ. ಅತ್ತೆಗೆ ಬೆಚ್ಚಗಾಗಲೆಂದು ಮಾಡಿದ ಕೆಲಸ. ಡಿಸೆಂಬರಿನಲ್ಲಿ ತಾಯಿ ತಲೆನೋವು ಎಂದಳು. ತಿಂದದ್ದು ಕಕ್ಕಿದಳು. ಮಧ್ಯಾಹ್ನ ಕುಳಿತಲ್ಲೇ ತೂಗಿ ಬೀಳುತ್ತಿದ್ದಳು. ಭಾನುವಾರ ಚರ್ಚಿಗೆ ಹೋಗಿ ಬಂದರೆ ತಲೆನೋವು ಇರುತ್ತಿರಲಿಲ್ಲ, ಅದನ್ನು ಹಿಡಿದುಕೊಂಡೇ ಇದಲೀನಾ ಒಂದು ದಿನ ಸೂಪಿನ ಸೌಟು ಕೈಯಲ್ಲಿರುವಾಗ ಹೇಳಿದ್ದಳು: "ಪಾದ್ರಿ ಮುಖ ಕಂಡ್ರೆ ಹೋಗೋ ತಲೆನೋವು ನನ್ನ ಮುಖ ಕಂಡ್ರೆ ಬರುತ್ತಾ? ಸಾಕಮ್ಮ ನಾಟಕ." ಬಾಯಿ ಬಿಟ್ಟರೆ ಮೂರು ಮನೆಗೆ ಕೇಳುವ ಹೆಂಗಸು ಅಂದು ಸುಮ್ಮನೆ ಅವರೆಕಾಳಿನ ಸಿಪ್ಪೆ ಗುಡಿಸಿದಳು. ಆ ಗುಡಿಸುವಿಕೆ ಇದಲೀನಾಳಿಗೆ ಈಗಲೂ ಬಸ್ಸಿನ ಸ್ಟೇರಿಂಗ್ ಹಿಡಿದಾಗ, ಸ್ನಾನಕ್ಕೆ ಒಲೆಯ ಮೇಲೆ ನೀರು ಕಾಯಿಸುವಾಗ, ಕಾರಣವಿಲ್ಲದೆ ಕಿವಿಗೆ ಬೀಳುತ್ತದೆ.

ಜನವರಿಯಲ್ಲಿ ಮೀಟರ್ ನೋಡಲು ಬಂದ ಗ್ಯಾಸ್ ಕಂಪನಿಯ ಹುಡುಗಿ ಹುಬ್ಬು ಗಂಟಿಕ್ಕಿಕೊಂಡು ಒಳಗೆ ಬಂದಳು. ಕೈಯಲ್ಲಿದ್ದ, ವಿಷಗಾಳಿ ಅಳೆಯುವ ಯಂತ್ರ ಕಿರುಚಿತು. ಎಲ್ಲರೂ ಹೊರಗೆ, ಬಾಗಿಲು ಮೇಲೆತ್ತಿ, ಅಂದಳು. ಆಮೇಲೆ ಏಣಿ ಹಾಕಿ ಅಟ್ಟಕ್ಕೆ ತಲೆ ತೂರಿಸಿ ನೋಡಿದಳು. ಗೀಸರಿನ ಹೊಗೆ ಕೊಳವೆ ಅಟ್ಟದವರೆಗೆ ಹೋಗಿ ಅಲ್ಲೇ ನಿಂತಿತ್ತು. ಚಾವಣಿ ದಾಟಿ ಹೊರಗೆ ಹೋಗಿರಲೇ ಇಲ್ಲ. ಹನ್ನೊಂದು ವರ್ಷ ಆ ಹೊಗೆಯೆಲ್ಲ ಅಟ್ಟದಲ್ಲಿ ತುಂಬಿ, ಬಾಗಿಲು ತೆರೆದಿದ್ದಾಗ ಹೇಗೋ ಚದುರಿ, ಬಾಗಿಲು ಮುಚ್ಚಿದ ಮೇಲೆ ಮೆತ್ತಗೆ ಕೆಳಗಿಳಿದು, ಒಂದು ಮುದುಕಿಯ ನೆತ್ತಿಯ ಮೇಲೆ ಕೂತಿತ್ತು. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಇದಲೀನಾಳ ತಮ್ಮ ತುಲೇರಿಯಿಂದ ಬಂದು ತಾಯಿಯನ್ನು ಕರೆದೊಯ್ದ. ತಮ್ಮನ ಹೆಂಡತಿ ಪ್ರತಿ ಶನಿವಾರ ಫೋನ್ ಮಾಡಿ ತಾಯಿಯ ಸುದ್ದಿ ಕೊಡುತ್ತಾಳೆ: "ಇಲ್ಲಿ ಬಂದ್ಮೇಲೆ ಒಂದು ದಿನಾನೂ ತಲೆನೋವು ಅಂದಿಲ್ಲ ನೋಡಿ ಅತ್ತಿಗೆ." ಆ ದನಿಯಲ್ಲಿ ಜೇನು ಸುರಿಯುತ್ತದೆ. ತಾಯಿ ಫೋನಿಗೆ ಬರುವುದಿಲ್ಲ. ಒಂದೇ ಸಲ ಬಂದಿದ್ದಳು. "ಬಾಮ್ಮ, ಕರ್ಕೊಂಡು ಬರ್ತೀನಿ" ಎಂದಾಗ, "ಆ ಜಾಗ ಸರಿ ಇದೆ ಅಂತ ನಿನ್ನ ಬಾಯಿಂದ ಕೇಳಿದ್ರೆ ನಾನು ನಂಬಲ್ಲ. ಬೇರೆಯವ್ರು ಹೇಳ್ಬೇಕು" ಎಂದು ಇಟ್ಟಿದ್ದಳು.

ಬೇರೆಯವರು. ಅದಕ್ಕಾಗಿಯೇ ಇದಲೀನಾ ಕಂಟ್ರಾಕ್ಟರುಗಳನ್ನು ಹುಡುಕಿದ್ದು. ಊರಿನಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಎಲ್ಲರೂ ಎವಾರಿಸ್ತುವಿನ ಹೆಸರೇ ಹೇಳುತ್ತಿದ್ದರು. ಬಸ್ ಡಿಪೋದಲ್ಲಿ ಕುಳಿತು, ರಾಜ್ಯದ ಲೈಸೆನ್ಸ್ ಮಂಡಳಿಯ ಪುಟ ತೆರೆದು, ಒಬ್ಬೊಬ್ಬರ ನಂಬರನ್ನೂ ಒತ್ತಿ ನೋಡಿದಳು. ಟ್ರಕ್ಕಿನ ಮೇಲೆ ದೊಡ್ಡ ಅಕ್ಷರದಲ್ಲಿ ನಂಬರ್ ಬರೆಸಿಕೊಂಡಿದ್ದವನ ಲೈಸೆನ್ಸ್ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಸಭ್ಯವಾಗಿ ಮಾತಾಡಿದ ಇನ್ನೊಬ್ಬನದು ಈಜುಕೊಳ ಕಟ್ಟುವ ಲೈಸೆನ್ಸ್. ಟರ್ಲಾಕ್‌ನ ಸರ್ಗಿಸ್ ಒದಿಶೊ ಎಂಬ ಅಸೀರಿಯನ್ನನದು ಮಾತ್ರ ಎಲ್ಲ ಸರಿ ಇತ್ತು: ಮನೆ ಕಟ್ಟುವ, ಕೆಡವಿ ಕಟ್ಟುವ ಸಾಮಾನ್ಯ ಕಂಟ್ರಾಕ್ಟರನ ವರ್ಗ, ಜಾಮೀನು ಚಾಲ್ತಿಯಲ್ಲಿ, ಕೆಲಸಗಾರರ ವಿಮೆ ಚಾಲ್ತಿಯಲ್ಲಿ, ದೂರುಗಳಿಲ್ಲ. ಫೋನಿನಲ್ಲಿ ಅವನು ಒರಟಾಗಿ ಮಾತಾಡಿದ. ಅವಳಿಗೆ ಅವನು ಇಷ್ಟವಾಗಲಿಲ್ಲ.

ಜೆರ್ಮಾನು ಹಿತ್ತಲ ಬಾಗಿಲಿನಿಂದ ಬಂದ. ಡೈರಿಯಿಂದ ನಿವೃತ್ತನಾಗಿ ಎರಡು ವರ್ಷವಾದರೂ ರಬ್ಬರ್ ಬೂಟು ಬಿಡದ ಮನುಷ್ಯ. ಹೆಂಡತಿಯ ಕಣ್ಣು ತಪ್ಪಿಸಿ ಗೀಸರನ್ನು ನೋಡಿ, ಗೀಸರಿಗೇ ಹೇಳುವಂತೆ ಹೇಳಿದ:

"ಕುಂಪಾದ್ರೆ ಬರ್ತಿದ್ದಾರೆ."

"ಯಾರು ಕರೆದ್ರು?"

"ಯಾರು ಕರೀಬೇಕು? ಊರಿಗೆಲ್ಲ ಗೊತ್ತಾಗಿದೆ. ನಿನ್ನೆ ಬೇಕರಿಯಲ್ಲಿ ಕೇಳಿದ್ರಂತೆ, ನಿಮ್ಮ ಕುಮಾದ್ರೆ ಮನೆ ಕೆಲಸ ಟರ್ಲಾಕ್‌ನೋರಿಗೆ ಕೊಟ್ರಂತಲ್ಲ ಅಂತ. ಅವ್ರು ಬ್ರೆಡ್ಡು ತಗೊಳ್ದೇ ವಾಪಸ್ ಬಂದ್ರಂತೆ."

"ಹಸಿದುಕೊಂಡು ಮಲಗಿದ್ರಾ?"

"ನಗಬೇಡ ಇದಲೀನಾ. ಕೊಳವೆ ಅರ್ಧ ಗಂಟೆ ಕೆಲಸ. ಅವ್ರೇ ಹೇಳಿದ್ರು, ಶನಿವಾರ ಬಂದು ಸರಿ ಮಾಡ್ತೀನಿ ಅಂತ. ಇನ್‌ಸ್ಪೆಕ್ಟರು ಗಿನ್‌ಸ್ಪೆಕ್ಟರು ಮನೆ ಒಳಗೆ ಕಾಲಿಟ್ರೆ ಬರೀ ಕೊಳವೆ ನೋಡ್ಕೊಂಡು ಹೋಗ್ತಾನಾ? ಇವತ್ತು ನಮ್ಮನೆ, ನಾಳೆ ಪಕ್ಕದ್ಮನೆ. ಈ ರಸ್ತೇಲಿ ಕುಂಪಾದ್ರೆ ಕೈ ಆಡದ ಗ್ಯಾರೇಜು ಯಾವುದಿದೆ ಹೇಳು."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳಿಗೆ ಸಿಟ್ಟು ತರಿಸಿತು. ಅರ್ಧ ಗಂಟೆಯ ಕೆಲಸವೇ. ತವರದ ಒಂದು ತುಂಡು, ಚಾವಣಿಯಲ್ಲಿ ಒಂದು ತೂತು. ಎವಾರಿಸ್ತು ಕೈ ಚುರುಕಿನವನು. ಅವನು ಬಡಿದ ಬಾಗಿಲು ಇವತ್ತಿಗೂ ಕಿರುಗುಟ್ಟಿಲ್ಲ. ಇದನ್ನು ಕಟ್ಟಿದ ಆ ಎರಡು ಶನಿವಾರ ಊರ ಗಂಡಸರೆಲ್ಲ ಇಲ್ಲಿ ಸೇರಿ, ಎವಾರಿಸ್ತು ಏಣಿಯ ಮೇಲೆ ನಿಂತು ಹಾಡುತ್ತ, ಕೆಳಗೆ ಲಿಂಗಿಸಾ ಸಾಸೇಜು ಸುಡುತ್ತ, ಬ್ಯಾರೆಲ್ಲಿನ ವೈನು ಮುಗಿಯುತ್ತ, ಸಂಜೆಗೆ ಗೋಡೆ ಎದ್ದಿತ್ತು. ದುಡ್ಡು ಕೊಡಲು ಹೋದರೆ ಕೈ ತಳ್ಳಿದ್ದ. ಅಂಥವನನ್ನು ಇಂದು ಎದುರಿಗೆ ನಿಲ್ಲಿಸಿ ನೀನು ಬೇಡ ಅನ್ನಬೇಕು. ಯಾಕೆ ಎಂದು ಕೇಳಿದರೆ ಹೇಳಲು ಅವಳ ಹತ್ತಿರ ಒಂದು ವಾಕ್ಯವೂ ಇರಲಿಲ್ಲ. ನಂಬಿಕೆಯಿಲ್ಲ ಎಂದರೆ ಅದು ನಿಜವಲ್ಲ. ಕೆಲಸ ಬಾರದು ಎಂದರೆ ಅದೂ ನಿಜವಲ್ಲ.

ಎವಾರಿಸ್ತು ಕಂಟ್ರಾಕ್ಟರಿಗಿಂತ ಮೊದಲು ಬಂದ. ಟೋಪಿ ತೆಗೆದ, ಇದಲೀನಾಳ ಕೆನ್ನೆಗೆ ಕೆನ್ನೆ ತಾಗಿಸಿದ, ತನ್ನ ಯಾವತ್ತಿನ ಕುರ್ಚಿಯಲ್ಲಿ ಕೂತ. ಅವಳು ಕಾಫಿ ಇಟ್ಟಳು, ಸಿಹಿ ಬ್ರೆಡ್ಡು ಕೊಯ್ದಳು. ಕೈ ತಾನಾಗಿಯೇ ಅವನಿಗೆ ದಪ್ಪ ತುಂಡು ಕೊಯ್ದಿತ್ತು.

"ತಾಯಿ ಹೇಗಿದ್ದಾರೆ ಕುಮಾದ್ರೆ?"

"ಚೆನ್ನಾಗಿದ್ದಾರೆ. ನಮ್ಮ ತಮ್ಮನ ಹೆಂಡತಿ ಚೆನ್ನಾಗಿ ನೋಡ್ಕೋತಿದ್ದಾಳೆ."

"ಪಾಪ ಮುದುಕಿ, ಅತಿಯಾಗಿ ನೋಡ್ಕೊಂಡ್ರೂ ಸಾಯ್ಬಹುದು." ಅವನು ನಕ್ಕ. ಜೆರ್ಮಾನು ಬೇಕಾದ್ದಕ್ಕಿಂತ ಜೋರಾಗಿ ನಕ್ಕ. ಆಮೇಲೆ ಎವಾರಿಸ್ತು ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ಬ್ರೆಡ್ಡಿನ ತಟ್ಟೆಯ ಪಕ್ಕಕ್ಕೆ ಸರಿಸಿದ. "ನಿಮಗೆ ಕೌಂಟಿ ಕಚೇರಿಯ ಪರ್ಮಿಟ್ಟೇ ಬೇಕು, ಅಷ್ಟೇ ತಾನೆ? ಬೆಳಿಗ್ಗೆ ನಾನೇ ಹೋಗಿ ಅರ್ಜಿ ತಂದೆ. ಮಂಜಲ್ಲಿ ಹಸುವಿನ ನಡಿಗೆಯಲ್ಲಿ ಹೋದೆ. ಇಲ್ಲಿ ಸಹಿ ಹಾಕಿ. ಮನೆ ಯಜಮಾನಿ ತಾನೇ ಕಟ್ಟಿಸ್ತಾಳೆ ಅಂತ ಬರೀಬೇಕು. ಅದಕ್ಕೆ ಲೈಸೆನ್ಸ್ ಬೇಡ. ನಿಮ್ಮ ಹೆಸರಲ್ಲಿ ಪರ್ಮಿಟ್ಟು, ನನ್ನ ಕೈಯಲ್ಲಿ ಕೆಲಸ. ಕೌಂಟಿಗೂ ಸಂತೋಷ, ತಾಯಿಗೂ ಸಂತೋಷ. ಇನ್‌ಸ್ಪೆಕ್ಟರ್ ಬಂದಾಗ ನಾನು ಆಚೆ ಮನೆ ಬೇಲಿ ಹತ್ರ ನಿಂತು ಸಿಗರೇಟು ಸೇದ್ತಿರ್ತೀನಿ."

"ನೋಡಿದ್ಯಾ?" ಜೆರ್ಮಾನುವಿನ ಮುಖ ಬಿಚ್ಚಿಕೊಂಡಿತ್ತು. "ಹೀಗೂ ಆಗುತ್ತೆ."

ಅವಳು ಕನ್ನಡಕ ಹಾಕಿಕೊಂಡು ಓದಿದಳು. ಮೈಯೆಲ್ಲ ಹಗುರವಾಗುತ್ತಿರುವುದನ್ನು ತಡೆಯಲಾಗಲಿಲ್ಲ. ಹೀಗೂ ಆಗುತ್ತದೆ. ಯಾರ ಮುಖವೂ ಕೆಡುವುದಿಲ್ಲ. ಭಾನುವಾರ ಬೆಂಚಿನಲ್ಲಿ ಎಂದಿನಂತೆ ಕೂರಬಹುದು. ಜೆರ್ಮಾನು ಪೆನ್ನು ಹುಡುಕಿ ತಂದು ಕೈಗಿಟ್ಟ. ಅರ್ಜಿಯಲ್ಲಿ ಹೀಗಿತ್ತು: ಕೆಲಸವನ್ನು ನಾನೇ ಮಾಡುತ್ತೇನೆ, ಇಲ್ಲವೆ ನನ್ನ ಆಳುಗಳಿಂದ ಮಾಡಿಸುತ್ತೇನೆ. ಅದರ ಪೂರ್ತಿ ಹೊಣೆ ನನ್ನದು. ಕೆಲಸದಲ್ಲಿ ಯಾರಿಗಾದರೂ ಏಟಾದರೆ ಅದೂ ನನ್ನದು. ಚಿಕ್ಕ ಅಕ್ಷರ, ಆದರೆ ಮಾತು ಸ್ಪಷ್ಟವಾಗಿತ್ತು. ನಾನೇ. ಅವಳಿಗೆ ಯಾಕೋ ವಾಹನ ಕಚೇರಿಯ ಆ ಮೈದಾನ ಕಣ್ಣಿಗೆ ಬಂತು. ಬಸ್ಸಿನ ಲೈಸೆನ್ಸಿಗೆಂದು ಪರೀಕ್ಷೆ ಕೊಟ್ಟ ಮೊದಲ ದಿನ. ಗಾಳಿ ಬ್ರೇಕಿನ ಪರೀಕ್ಷೆ. ಒಂದೊಂದು ಹೆಜ್ಜೆಯನ್ನೂ ಬಾಯಲ್ಲಿ ಹೇಳುತ್ತ ಮಾಡಿ ತೋರಿಸಬೇಕು. ಹದಿನಾರರಿಂದ ಟ್ರ್ಯಾಕ್ಟರು ಓಡಿಸಿದವಳು. ಕೈ ಎಲ್ಲವನ್ನೂ ಮಾಡಿತು, ಬಾಯಿ ಒಂದನ್ನು ಬಿಟ್ಟಿತು. ಪರೀಕ್ಷಕ, ತನಗೆ ಮಗನಾಗಬಹುದಾದ ವಯಸ್ಸಿನವನು, ಹಲಗೆಯ ಮೇಲೆ ಗೆರೆ ಎಳೆದು, "ಇವತ್ತು ಆಗಲ್ಲ, ಮತ್ತೆ ಬನ್ನಿ" ಎಂದ. ಅವಳು ವಾದಿಸಿದಳು. ನನಗೆ ಬರುತ್ತೆ, ನೀವೇ ನೋಡಿದ್ರಲ್ಲ ಎಂದಳು. ನೋಡಿದೆ, ಆಗಲ್ಲ, ಎಂದ. ಸಾಲಿನಲ್ಲಿ ನಿಂತಿದ್ದ ಹುಡುಗರ ಎದುರು ಬಸ್ಸಿನಿಂದ ಇಳಿದು, ತನ್ನ ಹಳೆಯ ಕಾರಿನಲ್ಲಿ ಕೂತು, ಕಟ್ಟಿ ತಂದಿದ್ದ ಸಾಸೇಜು ಬನ್ನನ್ನು ಅಳುತ್ತಲೇ ತಿಂದಿದ್ದಳು. ಆ ಹುಡುಗನನ್ನು ವರ್ಷಗಟ್ಟಲೆ ದ್ವೇಷಿಸಿದ್ದಳು. ಅಂದಿನಿಂದ ಒಂದು ದಿನವೂ ಆ ಹೆಜ್ಜೆಯನ್ನು ಬಿಟ್ಟವಳಲ್ಲ. ಮಂಜಿನಲ್ಲಿ ನಲವತ್ತು ಮಕ್ಕಳನ್ನು ಬೆನ್ನಿಗೆ ಹಾಕಿಕೊಂಡು ಹೊರಡುವ ಮೊದಲು, ಯಾರೂ ಕೇಳುವವರಿಲ್ಲದಿದ್ದರೂ, ಇವತ್ತಿಗೂ ಬಾಯಲ್ಲಿ ಹೇಳಿಕೊಂಡೇ ಬ್ರೇಕು ನೋಡುತ್ತಾಳೆ.

"ಪೆನ್ನಲ್ಲಿ ಇಂಕ್ ಇಲ್ವಾ?" ಎವಾರಿಸ್ತು ಕೇಳಿದ.

ಹೊರಗೆ ಟ್ರಕ್ಕು ನಿಂತ ಸದ್ದಾಯಿತು.

ಸರ್ಗಿಸ್ ಒದಿಶೊ ಕುಳ್ಳಗೆ, ದಪ್ಪ ಮೀಸೆಯವನು. ತಡವಾದದ್ದಕ್ಕೆ ಕ್ಷಮೆ ಕೇಳಲಿಲ್ಲ. ಕೈ ಕುಲುಕುವ ಮೊದಲೇ ತಲೆಯೆತ್ತಿ ಸೀಲಿಂಗ್ ನೋಡಿದ. ಕಾಫಿ ಬೇಡ ಎಂದ. ಬ್ರೆಡ್ಡು ಬೇಡ ಎಂದ. ಎವಾರಿಸ್ತು ಮತ್ತು ಜೆರ್ಮಾನು ಒಬ್ಬರ ಮುಖ ಒಬ್ಬರು ನೋಡಿಕೊಂಡರು: ಬ್ರೆಡ್ಡು ಬೇಡ ಅನ್ನುವ ಮನುಷ್ಯ. ಅವನು ಏಣಿ ತಂದು ಅಟ್ಟ ಹತ್ತಿದ, ಇಳಿದ, ಒಲೆಯನ್ನು ಗೋಡೆಯಿಂದ ಎಳೆದು ಹಿಂದೆ ಬಗ್ಗಿದ, ಸ್ವಿಚ್ಚಿನ ಮುಚ್ಚಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟ. ತಾಯಿ ಕೂರುತ್ತಿದ್ದ ಜಾಗದಲ್ಲಿ ಬೂಟು ಊರಿ ನಿಂತು ಟೇಪು ಎಳೆದ. ಇದಲೀನಾಳಿಗೆ ಅವನ ಮೇಲೂ, ಆ ಬೂಟಿನ ಮೇಲೂ ಅಸಹ್ಯ ಹುಟ್ಟಿತು. ಅಪರಿಚಿತನ ಎದುರು ಒಳಲಂಗದಲ್ಲಿ ನಿಂತ ಹಾಗಾಯಿತು. ಒಲೆಯ ಹಿಂದೆ ಜಿಡ್ಡು ಇತ್ತು, ಅಲ್ಲಿ ಒರೆಸಿರಲಿಲ್ಲ.

"ಅಸೀರಿಯದವರಿಗೆ ನಮ್ಮ ಅಡುಗೆಮನೆ ಏನು ಅರ್ಥವಾಗುತ್ತೆ?" ಎವಾರಿಸ್ತು ಎಲ್ಲರಿಗೂ ಕೇಳುವಂತೆ ಕೇಳಿದ.

"ನಮ್ಮನೇಲೂ ಗ್ಯಾರೇಜಲ್ಲೇ ಅಡುಗೆ," ಎಂದ ಸರ್ಗಿಸ್, ಟಾರ್ಚಿನಿಂದ ಕಣ್ಣು ತೆಗೆಯದೆ. "ಪರ್ಮಿಟ್ ಸಿಗೋತನಕ ಒಲೆ ಹಚ್ಚಬೇಡ ಅಂದಿದ್ದಕ್ಕೆ ನನ್ನ ಹೆಂಡತಿ ಎರಡು ವರ್ಷ ಬೈದಳು. ಆಮೇಲೆ ಅಡುಗೆ ಮಾಡೋಕೆ ಶುರು ಮಾಡಿದ್ಳು, ಜೊತೆಗೆ ಬೈಯೋದನ್ನೂ ಇಟ್ಕೊಂಡ್ಳು."

ಯಾರೂ ನಗಲಿಲ್ಲ. ಅವನಿಗೆ ಅದರ ನಿರೀಕ್ಷೆಯೂ ಇದ್ದಂತಿರಲಿಲ್ಲ. ಕೈ ಒರೆಸಿಕೊಂಡು ಇದಲೀನಾಳ ಕಡೆ ತಿರುಗಿದ.

"ನೋಡಿ ಮೇಡಂ. ಕೌಂಟಿ ಲೆಕ್ಕದಲ್ಲಿ ಇದು ಕಾರು ನಿಲ್ಲಿಸೋ ಜಾಗ. ಅಡುಗೆಮನೆ ಉಳೀಬೇಕಾದ್ರೆ ಇದು ಗ್ಯಾರೇಜಾಗಿ ಉಳಿಯಲ್ಲ. ನಕ್ಷೆ ಹಾಕ್ಬೇಕು, ಪರ್ಮಿಟ್ ನನ್ನ ಹೆಸರಲ್ಲಿ ತೆಗೀತೀನಿ. ಆ ಗೋಡೆ ಬಿಚ್ಚಬೇಕು, ಒಳಗೆ ವೈರು ನೋಡಿದ್ರೆ ಇನ್‌ಸ್ಪೆಕ್ಟರ್ ಅಳ್ತಾನೆ. ಗ್ಯಾಸ್ ಪೈಪು ಹೊಸದು. ಗೀಸರಿನ ಕೊಳವೆ ನೆಟ್ಟಗೆ ಚಾವಣಿ ದಾಟಿ ಮೇಲೆ ಹೋಗ್ಬೇಕು. ಮುಂದಿನ ಇಳಿಜಾರಲ್ಲೇ ಬರುತ್ತೆ."

"ಮುಂದೆ ಅಂದ್ರೆ ರಸ್ತೆ ಕಡೆ?" ಅವಳು ಕೇಳಿದಳು. "ಹಿಂದಕ್ಕೆ ತಿರುಗಿಸೋಕೆ ಬರಲ್ವಾ? ರಸ್ತೆಗೆ ಕಾಣದ ಹಾಗೆ?"

ಕೇಳಿದ ಮೇಲೆ ತನ್ನ ದನಿ ತನಗೇ ಕೇಳಿಸಿತು.

"ಆಗಲ್ಲ. ಅಷ್ಟು ದೂರ ಅಡ್ಡ ಹೋದ್ರೆ ಹೊಗೆ ಮೇಲಕ್ಕೆ ಎಳೆಯಲ್ಲ."

"ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ನಾವು..."

"ಎಷ್ಟು ಕೊಟ್ರೂ ಆಗಲ್ಲ ಮೇಡಂ. ಹಾಗೆ ಮಾಡಿ ನನ್ನ ಲೈಸೆನ್ಸ್ ಕಳ್ಕೊಳ್ಳೋಕಾಗಲ್ಲ."

ಎವಾರಿಸ್ತು ಕುರ್ಚಿಯಿಂದ ಎದ್ದ. ಅವನ ಮುಖದಲ್ಲಿ ಗೆದ್ದ ಕಳೆಯಿತ್ತು. "ಕೇಳಿದ್ರಲ್ಲ ಕುಮಾದ್ರೆ. ಬಾಯಿ ಬಿಟ್ರೆ ಆಗಲ್ಲ, ಆಗಲ್ಲ. ನಾನು ನಿಮಗೆ ಒಂದು ದಿನ ಆಗಲ್ಲ ಅಂದಿದ್ದೀನಾ? ಕಿಟಕಿ ಇಲ್ಲಿ ಬೇಡ ಅಲ್ಲಿ ಬೇಕು ಅಂದ್ರಿ, ಹಾಕಿಕೊಟ್ಟೆ. ಗೀಸರು ಆ ಮೂಲೆಗೆ ಹೋಗ್ಲಿ, ನನಗೆ ಕಟ್ಟೆ ಉದ್ದ ಬೇಕು ಅಂದ್ರಿ, ಸರಿಸಿಕೊಟ್ಟೆ. ಹೊಸ ಚಾವಣಿ ಕಣ್ರೀ, ಎದುರಿಗೆ ಆ ತವರದ ಕೊಳವೆ ಅಸಹ್ಯವಾಗಿ ಕಾಣುತ್ತೆ, ಬೀದಿಯೋರಿಗೆಲ್ಲ ಗ್ಯಾರೇಜಲ್ಲಿ ಬೇಯಿಸ್ತಾರೆ ಅಂತ ಗೊತ್ತಾಗುತ್ತೆ, ಮೇಲೆ ಬರೋದು ಬೇಡ ಅಂದಿದ್ದು ಯಾರು? ನಾನಾ? ನೀವೇ ಅಲ್ವಾ? ಇಲ್ಲೇ, ಈ ಏಣಿ ಕೆಳಗೆ ನಿಂತು?"

ಜೆರ್ಮಾನು, "ಕುಂಪಾದ್ರೆ, ಬಿಡಿ" ಎಂದ. ಸರ್ಗಿಸ್ ತನಗೆ ಸಂಬಂಧವಿಲ್ಲದವನಂತೆ ಟೇಪು ಸುತ್ತಿಕೊಂಡ. ಇದಲೀನಾಳಿಗೆ ಆ ಶನಿವಾರ ಪೂರ್ತಿಯಾಗಿ, ಬಿಸಿಲಿನ ಸಮೇತ, ಎದುರಿಗೆ ನಿಂತಿತು. ಏಣಿಯ ಮೇಲೆ ಇವನ ಚಪ್ಪಟೆ ಪಾದ. ಕೆಳಗೆ ತಾನು, ಕೈಯಲ್ಲಿ ವೈನಿನ ಹೂಜಿ, ಹೊಸ ಚಾವಣಿಯ ಜಂಬ. ಅವನು ಒಂದು ಗಳಿಗೆ ತಡೆದಿದ್ದ, ಅವನಿಗೆ ಗೊತ್ತಿತ್ತು. ಆದರೆ ಕುಮಾದ್ರೆ ಬಯಸಿದ್ದಳು. ಕುಮಾದ್ರೆ ಬಯಸಿದ್ದಕ್ಕೆ ಇಲ್ಲ ಎನ್ನುವ ಕುಂಪಾದ್ರೆ ಆ ದ್ವೀಪದಲ್ಲೂ ಇಲ್ಲ, ಈ ಕಣಿವೆಯಲ್ಲೂ ಇಲ್ಲ. ಜನವರಿಯಿಂದ ಅವಳು ಇದನ್ನು ತನ್ನೊಳಗೆ ಮುಚ್ಚಿ, ಮುಚ್ಚಳದ ಮೇಲೆ ತಾನೇ ಕೂತಿದ್ದಳು. ಈಗ ಅವನು ಎಲ್ಲರೆದುರು ಅದನ್ನು ಎತ್ತಿ ಬಿಸಾಡಿದಾಗ ನಾಚಿಕೆಯಾಗುತ್ತದೆಂದು ಕಾದಳು. ನಾಚಿಕೆ ಬಂತು, ಹೋಯಿತು. ಅದರ ಹಿಂದೆ ಬಂದದ್ದು ಬೇರೆ. ಬೆಳಗಿನಿಂದ ಸಿಗದಿದ್ದ ವಾಕ್ಯ ಅದು.

"ಹೌದು, ನಾನೇ ಹೇಳಿದ್ದು," ಎಂದಳು. "ಜೋರಾಗಿ ಹೇಳಿ, ಅವರಿಗೂ ಕೇಳ್ಲಿ. ನಾನು ಹೇಳ್ದೆ, ನೀವು ಮಾಡಿದ್ರಿ. ಅದಕ್ಕೇ ನನಗೆ ನೀವು ಬೇಡ. ನಿಮಗೆ ಕೆಲಸ ಬರಲ್ಲ ಅಂತ ಅಲ್ಲ ಕುಂಪಾದ್ರೆ. ನಾನು ಕೇಳಿದ್ದಕ್ಕೆ ಆಗಲ್ಲ ಅನ್ನೋನು ಬೇಕು ನನಗೆ. ಈ ಮನುಷ್ಯ ನನ್ನ ಬ್ರೆಡ್ಡೂ ತಿನ್ನಲ್ಲ, ನನ್ನ ಮಾತೂ ಕೇಳಲ್ಲ. ಇವನೇ ಸರಿ."

"ಇದಲೀನಾ!" ಜೆರ್ಮಾನು ಅಂದ.

"ನೀವು ಸುಮ್ನಿರಿ. ರಬ್ಬರ್ ಪಟ್ಟಿ ಬಡಿದೋರು ನೀವು, ಕೊಳವೆ ಬೇಡ ಅಂದೋಳು ನಾನು, ಇವರು ಹೂಂ ಅಂದ್ರು. ಮೂರು ಜನ ಸೇರಿ ನಮ್ಮಮ್ಮನ್ನ ಹೊಗೆ ಹಾಕಿದ್ವಿ. ಪ್ರೀತಿಯಿಂದ್ಲೇ ಹಾಕಿದ್ವಿ. ಸಾಕು."

ಅವಳು ಎವಾರಿಸ್ತು ತಂದ ಅರ್ಜಿಯನ್ನು ಅವನು ಮಡಿಸಿದ್ದ ಗೆರೆಗಳಲ್ಲೇ ಮಡಿಸಿ ಅವನ ಕೈಗಿಟ್ಟಳು. ಸರ್ಗಿಸ್ ತಂದಿದ್ದ ಕರಾರಿನ ಪುಟಗಳನ್ನು ಎಳೆದುಕೊಂಡು, ಒಂದೊಂದನ್ನೂ ಓದಿ, ಓದಿದ್ದನ್ನು ತುಟಿಯಲ್ಲಿ ಹೇಳಿಕೊಳ್ಳುತ್ತ ಸಹಿ ಹಾಕಿದಳು. ಸರ್ಗಿಸ್ ತನ್ನ ಪ್ರತಿಯನ್ನು ತೆಗೆದುಕೊಂಡು, ಇಂದಿನಿಂದ ಇಲ್ಲಿ ಒಲೆ ಹಚ್ಚಬಾರದು ಎಂದು ಹೇಳಿ, ಗೋಡೆಯ ಬಳಿ ಗ್ಯಾಸಿನ ಕೀಲಿಯನ್ನು ತಾನೇ ತಿರುಗಿಸಿ ಹೊರಟುಹೋದ.

ಎವಾರಿಸ್ತು ಅಂಗಳದಲ್ಲಿ ಟೋಪಿ ಹಾಕಿಕೊಳ್ಳುತ್ತಿದ್ದ. ಅವಳು ಹಿಂದೆಯೇ ಹೋದಳು.

"ಇನ್ನು ನಿನ್ನ ಹೊಸ್ತಿಲು ತುಳಿಯಲ್ಲ," ಎಂದ. ಮರ್ಯಾದೆಯ ಮಾತು ಬಿಟ್ಟು ಓಣಿಯ ಹುಡುಗನ ಮಾತಿಗೆ ಇಳಿದಿದ್ದ. "ಊರಲ್ಲಿ ನನ್ನನ್ನ ಕೊಲೆಗಾರ ಅಂತಾರೆ ನಾಳೆಯಿಂದ. ನನ್ನ ಮನೆ ಅಡುಗೆಮನೇನೂ ಹೀಗೇ ಕಟ್ಟಿರೋದು ನಾನು. ನನ್ನ ಹೆಂಡ್ತಿ ಲುದುವಿನಾ ಅದೇ ಹೊಗೇಲಿ ಅಷ್ಟು ವರ್ಷದಿಂದ ಕೂತಿದ್ದಾಳೆ. ಅವಳಿಗೇನಾಗಿದೆ?"

"ನಿಮ್ಮ ಕೊಳವೇನೂ ಅಟ್ಟದಲ್ಲೇ ನಿಂತಿದ್ಯಾ?"

"ನನ್ನ ಚಾವಣಿ ನಿನ್ನದಕ್ಕಿಂತ ಕೀಳಾ?"

"ಲುದುವಿನಾ ಕುಮಾದ್ರೆಗೆ ತಲೆನೋವು ಬರಲ್ವಾ?"

"ಅವಳಿಗೆ ನನ್ನ ಮದುವೆಯಾದ ದಿನದಿಂದ ತಲೆನೋವು." ಅಭ್ಯಾಸಬಲದಿಂದ ಬಂದ ತಮಾಷೆ. ಹೇಳಿದ ಮೇಲೆ ಅವನೂ ನಗಲಿಲ್ಲ. ಪಿಕಪ್ಪಿನ ಬಾಗಿಲನ್ನು ಎರಡು ಸಲ ಬಡಿದು ಮುಚ್ಚಿದ.

"ಇವತ್ತು ಗ್ಯಾರೇಜಿನ ಬಾಗಿಲು ಎತ್ತಿಡಿ," ಎಂದು ಅವಳು ಕೂಗಿದಳು. ಕಿಟಕಿಯ ಗಾಜು ಆಗಲೇ ಮೇಲೇರಿತ್ತು.

ಮಧ್ಯಾಹ್ನ ಮಂಜು ಕರಗಲಿಲ್ಲ. ಬಸ್ಸಿನಲ್ಲಿ ಕೂತು ಬ್ರೇಕು ನೋಡಿದಳು. ಮಕ್ಕಳು ಹತ್ತಿದರು, ಕಿರುಚಿದರು, ಒಬ್ಬೊಬ್ಬರಾಗಿ ಇಳಿದು ಬಿಳುಪಿನಲ್ಲಿ ಕರಗಿದರು. ತಾನು ಮಾಡಿದ್ದು ಸರಿಯೇ ಎಂದು ಅವಳು ಕೇಳಿಕೊಳ್ಳಲಿಲ್ಲ; ಕೇಳಿಕೊಂಡರೆ ಏನೇನು ಉತ್ತರ ಬರುತ್ತದೆಂದು ಗೊತ್ತಿತ್ತು. ಭಾನುವಾರದ ಬೆಂಚು ಕಣ್ಣಿಗೆ ಬಂತು: ಉದ್ದಕ್ಕೆ ಖಾಲಿ, ನಡುವೆ ತಾನೊಬ್ಬಳು. ಕೂರುತ್ತೇನೆ, ಎಂದುಕೊಂಡಳು. ಕಾಲು ಚಾಚಿ ಕೂರುತ್ತೇನೆ. ತಾಯಿಗೆ ಇನ್ನೂ ಫೋನ್ ಮಾಡಿರಲಿಲ್ಲ. ಹೇಳಲು ಇನ್ನೂ ಏನೂ ಇಲ್ಲ. ಹೇಳಬೇಕಾದವನು ಬೇರೆ, ಅವನು ಹೇಳುವ ದಿನ ಬರಬೇಕು. ಎವಾರಿಸ್ತುವಿನ ರಸ್ತೆಯ ತುದಿಯಲ್ಲಿ ಕೊನೆಯ ಹುಡುಗಿಯನ್ನು ಇಳಿಸುವಾಗ ಮಂಜಿನೊಳಗೆ ಅವನ ಮನೆ ಹುಡುಕಿದಳು. ಚಾವಣಿ ನುಣ್ಣಗೆ, ಅಂದವಾಗಿ, ಒಂದು ಕೊಳವೆಯೂ ಇಲ್ಲದೆ ಹರಡಿತ್ತು. ಕೆಳಗೆ ಗ್ಯಾರೇಜಿನ ಬಾಗಿಲು ನೆಲಕ್ಕೆ ಕಚ್ಚಿ ಮುಚ್ಚಿತ್ತು.

ಬಸ್ಸನ್ನು ಡಿಪೋದಲ್ಲಿ ಬಿಟ್ಟು, ಕಾರು ತೆಗೆದುಕೊಂಡು ನೇರ ಅಲ್ಲಿಗೇ ಬಂದಳು. ಎವಾರಿಸ್ತುವಿನ ಪಿಕಪ್ಪು ಅಂಗಳದಲ್ಲಿ ಇರಲಿಲ್ಲ. ಇದ್ದಿದ್ದರೂ ಅಷ್ಟೇ. ಎದುರು ಮನೆಯ ಪರದೆ ಸರಿಯಿತು. ಅವಳು ಮುಂಬಾಗಿಲಿಗೆ ಹೋಗಲಿಲ್ಲ, ಕರೆಗಂಟೆ ಒತ್ತಲಿಲ್ಲ. ಗ್ಯಾರೇಜಿನ ಬಾಗಿಲಿನ ಕೆಳಗೆ ಬೆರಳು ತೂರಿಸಿ, ಮೊಣಕಾಲು ಬಗ್ಗಿಸಿ, ಎರಡೂ ಕೈಯಿಂದ ಎತ್ತಿದಳು. ಅದು ತೂಕವಾಗಿತ್ತು, ಎವಾರಿಸ್ತುವಿನ ಕೆಲಸ, ಒಂದು ಚೂರೂ ಕಿರುಗುಟ್ಟದೆ ಮೇಲೇರಿತು.

ಒಳಗೆ ಲುದುವಿನಾ ಒಲೆಯ ಮುಂದೆ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಸೂಪು ತಿರುವುತ್ತ, ಇನ್ನೊಂದು ಕೈಯಿಂದ ಹಣೆ ಒತ್ತಿಕೊಳ್ಳುತ್ತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾರು? ಅಯ್ಯೋ, ಕುಮಾದ್ರೆ ನೀವಾ? ಇವ್ರು ಮಧ್ಯಾಹ್ನ ಬಂದಾಗಿನಿಂದ ಏನೇನೋ ಕೂಗಾಡ್ತಿದ್ರು ನಿಮ್ಮ ಮೇಲೆ. ಬಾಗಿಲು ಇಳಿಸಿ, ಇಳಿಸಿ. ಚಳಿ ಒಳಗೆ ಬರ್ತಿದೆ."

"ಬರ್ಲಿ," ಎಂದಳು ಇದಲೀನಾ, ಎತ್ತಿದ ಕೈ ಇಳಿಸದೆ.